ಫೋಟೋದ ಎಡಭಾಗ

ಕುಂಬಾರಕೊಪ್ಪಲಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ಜೆರಾಕ್ಸ್ ಎಂದಿದ್ದರೂ ಹೊಟ್ಟೆ ತುಂಬುವುದು ಟೈಪಿಂಗಿನಿಂದ. ಬಾಡಿಗೆ ಕರಾರು, ಗೃಹಪ್ರವೇಶದ ಕಾರ್ಡು, ತಿಥಿ ಕಾರ್ಡು, ಮದುವೆಯ ಬಯೋಡೇಟಾ. ನಾನು ಓದಿದ್ದು ಒಂಬತ್ತನೇ ಕ್ಲಾಸಿನ ಅರ್ಧದವರೆಗೆ. ಮನೆಯಲ್ಲಿ ಬಿಡಿಸಿದರು ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಅಕ್ಕ ಚೆನ್ನಾಗಿ ಓದುತ್ತಿದ್ದಳು, ನನಗೆ ತಲೆಗೆ ಹತ್ತುತ್ತಿರಲಿಲ್ಲ. ಅದನ್ನು ಒಪ್ಪಿಕೊಳ್ಳುವುದಕ್ಕಿಂತ, ಅವಳನ್ನು ಓದಿಸಲು ನನ್ನನ್ನು ಬಿಡಿಸಿದರು ಎನ್ನುವುದು ಸುಲಭವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ಬರುವ ಸುಳ್ಳೂ ಅದೇ ಜಾತಿಯದು.

ನನ್ನ ಅಂಗಡಿಗೆ ಬರುವವರು ಫೋಟೋವನ್ನು ಫೋಟೋವಾಗಿ ತರುವುದೇ ಇಲ್ಲ. ವರ್ಡ್ ಫೈಲಿನೊಳಗೆ ಅಂಟಿಸಿಕೊಂಡು ತರುತ್ತಾರೆ. "ಇದರಲ್ಲಿರೋ ನಮ್ಮಪ್ಪನ ಫೋಟೋ ಫ್ಲೆಕ್ಸ್‌ಗೆ ಬೇಕು ಕಣ್ರೀ, ದೊಡ್ಡದಾಗಿ" ಎನ್ನುತ್ತಾರೆ. ಒರಿಜಿನಲ್ ಎಲ್ಲಿ ಎಂದು ಕೇಳಿದರೆ ಫೋನು ನೀರಿಗೆ ಬಿತ್ತು, ಭಾಮೈದನ ಹತ್ತಿರ ಇತ್ತು, ಭಾಮೈದನ ಜೊತೆ ಮಾತಿಲ್ಲ. ಪುಟದಲ್ಲಿ ಕಾಣುವಷ್ಟನ್ನೇ ಕಾಪಿ ಮಾಡಿ ಫ್ಲೆಕ್ಸಿಗೆ ಹಿಗ್ಗಿಸಿದರೆ ಸತ್ತವರ ಮುಖ ದೋಸೆಹಿಟ್ಟಿನ ಹಾಗೆ ಹರಡಿಕೊಳ್ಳುತ್ತದೆ. ಅದಕ್ಕೊಂದು ದಾರಿ ಇದೆ. ಫೈಲಿನದೊಂದು ಕಾಪಿ ಮಾಡಿಕೊಂಡು, ಹೆಸರಿನ ತುದಿಯಲ್ಲಿರುವ ಡಾಕ್ಸ್ ಎಂಬುದನ್ನು ಅಳಿಸಿ ಜಿಪ್ ಎಂದು ಬರೆಯಬೇಕು. ಹಾಗೆ ಮಾಡಿದರೆ ಫೈಲು ಕೆಟ್ಟೀತು ಎಂದು ಕಂಪ್ಯೂಟರ್ ಹೆದರಿಸುತ್ತದೆ. ಹೆದರಬಾರದು. ಆ ಜಿಪ್ಪನ್ನು ಬಿಚ್ಚಿದರೆ ಒಳಗೆ ಒಂದಷ್ಟು ಫೋಲ್ಡರು, ಅವುಗಳೊಳಗೆ ಮೀಡಿಯಾ ಎಂಬ ಇನ್ನೊಂದು ಫೋಲ್ಡರು. ಅವರು ಅಂಟಿಸಿದ ಫೋಟೋಗಳೆಲ್ಲ ಅಂಟಿಸಿದಾಗ ಹೇಗಿದ್ದವೋ ಹಾಗೆಯೇ ಅಲ್ಲಿ ಕೂತಿರುತ್ತವೆ. ಪುಟದ ಮೇಲೆ ಕ್ರಾಪ್ ಮಾಡಿ ಚಿಕ್ಕದು ಮಾಡಿದ್ದರೂ ಅಲ್ಲಿ ಪೂರ್ತಿ ಇರುತ್ತದೆ. ಕ್ರಾಪ್ ಮಾಡಿದವರು ಕತ್ತರಿಸಿದೆವು ಎಂದುಕೊಳ್ಳುತ್ತಾರೆ. ವರ್ಡು ಅದನ್ನು ಬರೀ ಮರೆಮಾಡಿರುತ್ತದೆ.

ಇದು ನನಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ ಹಿರಿಯರ ತಿಥಿ ಕಾರ್ಡಿನ ಫೋಟೋ ಬಿಚ್ಚಿದಾಗ ಅವರ ಕೈಯಲ್ಲಿ ಗ್ಲಾಸು, ಪಕ್ಕದಲ್ಲಿ ಬಾಟಲಿ. ಎರಡನೇ ಮದುವೆಗೆ ಹೊರಟವನ ಬಯೋಡೇಟಾ ಬಿಚ್ಚಿದಾಗ ಮೊದಲನೆಯವಳ ಅರ್ಧ ಮುಖ. ಗಿರಾಕಿ ಅಂಗಡಿಯಿಂದ ಇಳಿದ ಮೇಲೆ ನಾನು ನಗುತ್ತಿದ್ದೆ. ಇಷ್ಟೆಲ್ಲ ಗೊತ್ತಿದ್ದವನು ನನ್ನ ಅಕ್ಕನ ಬಯೋಡೇಟಾದಲ್ಲಿ ಅದನ್ನೇ ಮಾಡಿದೆ.

ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಮಗುವಾಗಿದ್ದಾಗ ಬಂದ ಜ್ವರದಲ್ಲಿ ಅವಳ ಎಡಗಾಲಿನ ಶಕ್ತಿ ಹೋಯಿತು. ಬಲಗೈಯಲ್ಲಿ ಕೋಲು ಹಿಡಿದು ನಡೆಯುತ್ತಾಳೆ. ಬಿ.ಕಾಂ ಮಾಡಿದಳು. ರಾಮಕೃಷ್ಣನಗರದಲ್ಲಿ ರಕ್ತ ಪರೀಕ್ಷೆಯ ಒಂದು ಲ್ಯಾಬಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಾಳೆ. ಹಿಂದೆ ಎರಡು ಗಾಲಿ ಕೂಡಿಸಿದ ಸ್ಕೂಟಿಯಲ್ಲಿ ದಿನಾ ಹೋಗಿ ಬರುತ್ತಾಳೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ಅವಳು, ನಾನು. ನನಗೆ ಒಂದು ಹುಡುಗಿ ಗೊತ್ತಾಗಿತ್ತು. ಅವರ ಮನೆಯವರು ಒಳ್ಳೆಯವರೇ, ಆದರೆ ಹೋದಾಗಲೆಲ್ಲ ಕಾಫಿ ಕೊಟ್ಟು ಕೇಳುವುದು ಒಂದೇ ಪ್ರಶ್ನೆ: "ನಿಮ್ಮಕ್ಕಂದು ಏನಾಯ್ತು?" ಆ ಕಾಫಿ ನನಗೆ ವಿಷವಾಗುತ್ತಾ ಬಂದಿತ್ತು. ಮನೆಗೆ ಬಂದರೆ ಅಕ್ಕ ಕೋಲನ್ನು ಗೋಡೆಗೆ ಒರಗಿಸಿ ಟಿವಿ ನೋಡುತ್ತಿರುತ್ತಿದ್ದಳು. ಆ ಕೋಲನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಒಡಹುಟ್ಟಿದವಳ ಕಾಲನ್ನು ದ್ವೇಷಿಸುವುದು ಎಂದರೆ ಏನೆಂದು ನನಗೆ ಗೊತ್ತು.

ಅವಳ ಬಯೋಡೇಟಾ ಟೈಪ್ ಮಾಡಿದ್ದು ನಾನೇ. ಫೋಟೋ ಅವಳೇ ಆರಿಸಿದ್ದು. ಲ್ಯಾಬಿನ ಗೆಳತಿಯೊಬ್ಬಳ ಮದುವೆಯಲ್ಲಿ ಛತ್ರದ ಬಾಗಿಲ ಬಳಿ ತೆಗೆದದ್ದು. ಹಸಿರು ರೇಷ್ಮೆ ಸೀರೆ, ಮುಡಿತುಂಬ ಮಲ್ಲಿಗೆ, ಬಲಗೈಯಲ್ಲಿ ಕೋಲು. ಯಾರೋ ಏನೋ ಹೇಳಿರಬೇಕು, ಹಲ್ಲು ಕಾಣುವ ಹಾಗೆ ನಗುತ್ತಿದ್ದಳು. ನನ್ನ ಫೋನಿಗೆ ಕಳಿಸಿ, ಅಂಗಡಿಗೆ ಬಂದು ನನ್ನ ಪಕ್ಕದಲ್ಲೇ ಕೂತಳು.

"ಫುಲ್ ಫೋಟೋನೇ ಹಾಕು. ಕೋಲು ಕಾಣ್ಬೇಕು."

"ಮುಖದ್ದು ಒಂದು ಹಾಕಿದ್ರೆ ಸಾಕಲ್ವಾ?"

"ಬಂದು ನೋಡಿ ಮುಖ ಸಿಂಡರಿಸೋದಕ್ಕಿಂತ ಮನೇಲೇ ಕೂತು ಸಿಂಡರಿಸ್ಲಿ. ನಂಗೆ ಉಪ್ಪಿಟ್ಟು ಮಾಡೋ ಕೆಲಸ ಆದ್ರೂ ಉಳಿಯುತ್ತೆ."

ಕೆಳಗೆ ಒಂದು ಸಾಲನ್ನೂ ಬರೆಸಿದಳು: ಎಡಗಾಲು ಬಲಹೀನ, ಕೋಲು ಹಿಡಿದು ನಡೆಯುತ್ತೇನೆ, ಎಲ್ಲ ಕೆಲಸ ಮಾಡಿಕೊಳ್ಳುತ್ತೇನೆ. ಪ್ರಿಂಟ್ ತೆಗೆಸಿಕೊಂಡು, ಓದಿ, ಮಡಿಚಿ ಬ್ಯಾಗಿನಲ್ಲಿಟ್ಟುಕೊಂಡಳು.

ನಮ್ಮ ಕಡೆ ಮದುವೆ ಮಾಡಿಸುವ ಒಬ್ಬ ಹೆಂಗಸಿದ್ದಾರೆ. ಎಲ್ಲರೂ ಬ್ರೋಕರಮ್ಮ ಎನ್ನುತ್ತಾರೆ. ಅವರಿಗೆ ಪಿಡಿಎಫ್ ಆಗುವುದಿಲ್ಲ. ವರ್ಡ್ ಫೈಲೇ ಬೇಕು. ಯಾಕೆಂದರೆ ಬಯೋಡೇಟಾದಲ್ಲಿರುವ ನಮ್ಮ ಫೋನ್ ನಂಬರ್ ಅಳಿಸಿ ತಮ್ಮ ನಂಬರ್ ಹಾಕಿಕೊಂಡು ಕಳಿಸುವುದು ಅವರ ಪದ್ಧತಿ. ಹಾಗೆ ಮಾಡದಿದ್ದರೆ ಎರಡು ಮನೆಯವರು ನೇರವಾಗಿ ಮಾತಾಡಿಕೊಂಡು ಅವರನ್ನು ಬಿಟ್ಟುಬಿಡುತ್ತಾರಂತೆ. ನಂಬರ್ ಬದಲಿಸುವಷ್ಟು ವರ್ಡು ಅವರು ಮೊಬೈಲಿನಲ್ಲಿಯೇ ಕಲಿತಿದ್ದರು.

ಅಕ್ಕನ ಬಯೋಡೇಟಾ ಹೋದ ಮೇಲೆ ಒಂದು ಫೋನೂ ಬರಲಿಲ್ಲ. ಯುಗಾದಿ ಕಳೆಯಿತು, ಬೇಸಿಗೆಯ ಮುಹೂರ್ತಗಳೆಲ್ಲ ಮುಗಿಯುತ್ತಾ ಬಂದವು. ಒಂದು ದಿನ ಬ್ರೋಕರಮ್ಮ ಅಂಗಡಿಗೇ ಬಂದರು. ಆಧಾರ್ ಜೆರಾಕ್ಸಿಗೆ ಬಂದ ನಾಲ್ಕು ಜನರ ಎದುರಿಗೇ ಶುರುಮಾಡಿದರು.

"ಅಲ್ಲ ಕಣಪ್ಪಾ, ಅಂಗಡಿ ಬಾಗ್ಲಲ್ಲೇ ಕೊಳ್ತಿರೋ ಟೊಮೇಟೊ ಇಡ್ತಾರಾ? ಆ ಕೋಲು ಯಾಕಪ್ಪಾ ಹಾಕಿದೀಯ ಫೋಟೋದಲ್ಲಿ?"

"ಅಕ್ಕ ಹಾಕು ಅಂದ್ಲು."

"ಅವಳು ಅಂತಾಳೆ. ಓದ್ದೋಳು. ನೀನು ಗಂಡಸಲ್ವಾ ಮನೇಲಿ? ಹುಡುಗ ಒಂದ್ಸಲ ಮುಖ ನೋಡ್ಲಿ. ಮನಸ್ಸಿಗೆ ಬಂದ್ಬುಟ್ರೆ ಆಮೇಲೆ ಕಾಲು ಕೈ ಯಾರೂ ಲೆಕ್ಕ ಹಾಕಲ್ಲ. ಆ ಕೆಳಗಿನ ಸಾಲೂ ತೆಗ್ದ್ಬುಡು. ನಿಂಗೂ ವಯಸ್ಸಾಗ್ತಾ ಐತೆ."

ಟೊಮೇಟೊ ಎಂದಾಗ ನಾನು ಅವರನ್ನು ಅಂಗಡಿಯಿಂದ ಹೊರಗೆ ಕಳಿಸಬೇಕಿತ್ತು. ನಾನು ಫೈಲು ತೆಗೆದೆ. ಫೋಟೋದ ಎಡಗಡೆಯಿಂದ ಗೆರೆಯನ್ನು ಒಳಗೆ ಎಳೆದೆ, ಕೋಲು ಹೋಯಿತು. ಕೆಳಗಿನಿಂದ ಮೇಲಕ್ಕೆ ಎಳೆದೆ, ಕಾಲು ಹೋಯಿತು. ಉಳಿದದ್ದು ಸೊಂಟದಿಂದ ಮೇಲಿನ ಒಬ್ಬ ನಗುವ ಹೆಂಗಸು. ಸಾಲನ್ನು ಅಳಿಸಿದೆ. ಬ್ರೋಕರಮ್ಮನ ಫೋನಿಗೆ ವರ್ಡ್ ಫೈಲು ಹೋಯಿತು. ವರ್ಡಿನ ಹೊರಗೆ, ಪೇಂಟಿನಲ್ಲಿ ನಿಜವಾಗಿ ಕತ್ತರಿಸಿ ಮತ್ತೆ ಅಂಟಿಸಬಹುದಿತ್ತು. ಅಷ್ಟು ಸಮಯ ಕೊಡಲಿಲ್ಲ. ನೋಡಿ, ಮೋಸ ಮಾಡುವಾಗಲೂ ಸೋಮಾರಿತನ.

ಅಕ್ಕನಿಗೆ ಹೇಳಲಿಲ್ಲ. ಅವಳ ಬ್ಯಾಗಿನಲ್ಲಿ ಹಳೆಯ ಪ್ರಿಂಟೇ ಇತ್ತು.

ಒಂದು ವಾರದೊಳಗೆ ಮಂಡಕಳ್ಳಿ ಕಡೆಯ ಒಂದು ಮನೆಯಿಂದ ಒಪ್ಪಿಗೆ ಬಂತು. ಹುಡುಗ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ಜಾತಕ ಕೂಡಿತು. ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಹೆಣ್ಣು ನೋಡುವ ಶಾಸ್ತ್ರ ಬೇಡ, ಶ್ರಾವಣಕ್ಕೆ ಬರುತ್ತೇವೆ, ಅಲ್ಲಿಯವರೆಗೆ ಬೇಕಾದರೆ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡಿಕೊಳ್ಳಲಿ ಎಂದು ಅವರ ಮನೆಯವರೇ ಹೇಳಿಕಳಿಸಿದರು. ಬ್ರೋಕರಮ್ಮನಿಗೂ ತಡೆಯಲು ಆಗಲಿಲ್ಲ.

ಆ ತಿಂಗಳಿಡೀ ಅಕ್ಕ ಫೋನಿನಲ್ಲಿ ಮಾತಾಡಿದಳು. ನಮ್ಮ ಮನೆ ಚಿಕ್ಕದು. ಮೆಟ್ಟಿಲ ಮೇಲೆ ಕೂತು ಮಾತಾಡಿದರೆ ಒಳಗೆಲ್ಲ ಕೇಳುತ್ತದೆ. "ನನ್ನ ಜೊತೆ ಬರೋರು ನಿಧಾನ ನಡೀಬೇಕಾಗುತ್ತೆ, ಈಗ್ಲೇ ಹೇಳಿದೀನಿ" ಎಂದು ನಗುತ್ತಿದ್ದಳು. ಆ ಕಡೆಯಿಂದ ಅವನೂ ಏನೋ ಹೇಳಿ ನಗಿಸುತ್ತಿದ್ದ. ಅವನಿಗೆ ಎಲ್ಲ ಗೊತ್ತಿದೆ ಎಂದು ಅವಳು ತಿಳಿದಿದ್ದಳು. ಅವಳು ಮೆಲ್ಲಗೆ ನಡೆಯುವ ನಾಜೂಕಿನ ಹುಡುಗಿ ಎಂದು ಅವನು ತಿಳಿದಿದ್ದ. ಇಬ್ಬರ ನಡುವೆ ಏನಿದೆ ಎಂಬುದು ಗೊತ್ತಿದ್ದವನು ನಾನೊಬ್ಬ, ಒಳಗೆ ಕೂತು ಮುದ್ದೆ ನುಂಗುತ್ತಿದ್ದೆ. ಹೇಳಬೇಕೆಂದು ಎರಡು ಮೂರು ಸಲ ಮೆಟ್ಟಿಲವರೆಗೆ ಹೋದೆ. "ಏನ್ಲಾ, ಕದ್ದು ಕೇಳ್ತಿದೀಯಾ? ಹೋಗೋ ಅತ್ಲಾಗೆ" ಎಂದು ಕೋಲಿನ ತುದಿಯಿಂದ ತಿವಿಯುತ್ತಿದ್ದಳು. ಅಷ್ಟು ಸಲಿಗೆಯಿಂದ ಅವಳು ನನ್ನನ್ನು ತಿವಿದದ್ದು ಅದೇ ಕೊನೆ.

ಶ್ರಾವಣ ಬಂತು. ಹೆಣ್ಣು ನೋಡಲು ಬರುವ ಮುಂಚೆ ಮನೆದೇವರ ಹತ್ತಿರ ಹೂವು ಕೇಳುವ ಪದ್ಧತಿ ಅವರಲ್ಲಿತ್ತು. ಹುಡುಗಿಯ ಜಾತಕ, ಫೋಟೋ ಎರಡನ್ನೂ ದೇವರ ಮುಂದಿಟ್ಟು, ಬಲಗಡೆ ಹೂವು ಬಿದ್ದರೆ ಮುಂದುವರಿಯುವುದು. ಫೋಟೋ ಇದ್ದದ್ದು ವರ್ಡ್ ಫೈಲಿನೊಳಗೆ. ಹುಡುಗನ ತಮ್ಮ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ದೊಡ್ಡದಾಗಿ ಪ್ರಿಂಟ್ ಹಾಕಿಕೊಡೋಣ ಎಂದು ಫೈಲಿನ ಹೆಸರು ಬದಲಿಸಿ, ಜಿಪ್ ಬಿಚ್ಚಿ, ಫೋಟೋ ಹೊರಗೆ ತೆಗೆದ. ನಾನು ದಿನಾ ಮಾಡುವ ಕೆಲಸ. ಅವನಿಗೂ ಅದೇ ದಿನನಿತ್ಯದ್ದು.

ಅಣ್ಣ ತಮ್ಮ ಇಬ್ಬರೂ ಒಂದು ಮಧ್ಯಾಹ್ನ ನನ್ನ ಅಂಗಡಿಗೆ ಬಂದರು. ಹುಡುಗನನ್ನು ನಾನು ನೋಡಿದ್ದು ಅದೇ ಮೊದಲು. ಸಾಧಾರಣ ಮುಖ, ಉಗುರಿನ ಸಂದಿಯಲ್ಲಿ ಗ್ರೀಸ್. ತಮ್ಮ ಒಂದು ದೊಡ್ಡ ಪ್ರಿಂಟನ್ನು ಕೌಂಟರ್ ಮೇಲೆ ಹರಡಿದ. ಅಂಗಡಿಯಲ್ಲಿ ಇಬ್ಬರು ಗಿರಾಕಿಗಳಿದ್ದರು. ಅವರೂ ಬಗ್ಗಿ ನೋಡಿದರು. ಹಸಿರು ಸೀರೆ, ಕೋಲು, ಸೀರೆಯ ನೆರಿಗೆಯ ಕೆಳಗೆ ಒಳಕ್ಕೆ ತಿರುಗಿದ ಎಡಪಾದ.

"ಮೊದ್ಲು ಕೊಡೆ ಅಂದ್ಕೊಂಡ್ವಿ" ಎಂದ ತಮ್ಮ. "ನಮ್ಮವ್ವ ದೇವ್ರ ಮುಂದೆ ಇಟ್ಟು ಕೈಮುಗಿದು ನೋಡ್ತಾಳೆ, ಕೋಲು. ಹೂವು ಬಲಗಡೆ ಬಿದ್ದೈತೆ ಬೇರೆ. ದೇವ್ರಿಗೂ ನೀವು ಕ್ರಾಪ್ ಮಾಡಿದ್ದು ಗೊತ್ತಾಗ್ಲಿಲ್ಲ ಅನ್ಸುತ್ತೆ."

"ಸುಮ್ನಿರೋ" ಎಂದ ಅಣ್ಣ. ನನ್ನನ್ನು ನೋಡಿ ಕೇಳಿದ, "ಇದನ್ನ ಕಟ್ ಮಾಡಿದ್ದು ಯಾರು?"

"ಬ್ರೋಕರಮ್ಮ..." ಎಂದೆ.

"ಬ್ರೋಕರಮ್ಮಂಗೆ ನಂಬರ್ ಬದಲಾಯಿಸೋಕ್ ಬಿಟ್ರೆ ಏನೂ ಬರಲ್ಲ ಗುರು" ಎಂದ ತಮ್ಮ. "ಇದು ಕಂಪ್ಯೂಟರಲ್ಲಿ ಕುಂತು ಮಾಡಿರೋ ಕೆಲ್ಸ. ನಮ್ಗೂ ಇದೇ ಕಸುಬು."

ಹುಡುಗ ಮತ್ತೆ ಕೇಳಿದ. ಧ್ವನಿ ಏರಿಸಲಿಲ್ಲ. "ನಿಮ್ಮಕ್ಕಂಗೆ ಗೊತ್ತಾ ಇದು? ಅಷ್ಟು ಹೇಳಿ ಸಾಕು."

ಅಷ್ಟೇ ಕೇಳಿದ್ದು. ಗೊತ್ತಿಲ್ಲ, ನಾನು ಮಾಡಿದ್ದು ಎಂದರೆ ಮುಗಿದಿತ್ತು. ಅವನು ನನಗೆ ಹೊಡೆಯುತ್ತಿದ್ದನೋ ಬಯ್ಯುತ್ತಿದ್ದನೋ, ಅಲ್ಲಿಗೆ ಮುಗಿಯುತ್ತಿತ್ತು. ಗಿರಾಕಿಗಳು ನನ್ನ ಮುಖ ನೋಡುತ್ತಿದ್ದರು. ನಾಳೆಯೂ ಇದೇ ಕೌಂಟರಿನಲ್ಲಿ ಕೂರಬೇಕು. ಎಷ್ಟು ಬೇಗ ಬಾಯಿಗೆ ಬಂತೆಂದರೆ, ಮೊದಲೇ ಟೈಪ್ ಮಾಡಿಟ್ಟ ಹಾಗೆ ಬಂತು.

"ಅವಳೇ ಹೇಳಿದ್ದು. ನಾನು ಬೇಡ ಅಂದೆ."

ಹುಡುಗ ಪ್ರಿಂಟನ್ನು ಸುತ್ತಿಕೊಂಡ. "ಕಾಲಿಂದು ನಂಗೆ ಒಂದ್ ವಿಷ್ಯ ಅಲ್ಲ" ಎಂದ. "ನಮ್ಮವ್ವನ್ನೂ ಒಪ್ಪಿಸ್ತಿದ್ದೆ. ಒಂದು ತಿಂಗ್ಳು ಮಾತಾಡಿದೀವಿ ಸಾರ್. ಒಂದ್ಸಲ ಹೇಳ್ಬೋದಿತ್ತು."

ಅವಳು ಹೇಳಿದ್ದಳು. ತಿಂಗಳಿಡೀ ಹೇಳಿದ್ದಳು, ನಿಧಾನ ನಡೀಬೇಕಾಗುತ್ತೆ ಎಂದು. ಅವರು ಹೋದ ಮೇಲೆ ಗಿರಾಕಿಯೊಬ್ಬರು "ಈಗಿನ ಹೆಣ್ಣುಮಕ್ಳು ಕಣ್ರೀ" ಎಂದರು. ನಾನು ಹೂಂ ಎಂದೆ. ಆ ಹೂಂ ಇವತ್ತಿಗೂ ಕಿವಿಯಲ್ಲಿದೆ.

ಮನೆಗೆ ಬಂದು ಎರಡನೇ ಸುಳ್ಳು ಹೇಳಿದೆ. ಮಂಡಕಳ್ಳಿಯವರು ಕಾಲಿನ ಕಾರಣಕ್ಕೆ ಬೇಡ ಎಂದರು ಎಂದೆ. ಅವ್ವ ಒಲೆಯ ಮುಂದೆ ಕೂತು ಅತ್ತಳು. ಅಕ್ಕ ಅಳಲಿಲ್ಲ. ಫೋನ್ ಮಾಡಿದಳು, ಹೋಗಲಿಲ್ಲ. ಅವನು ಬ್ಲಾಕ್ ಮಾಡಿದ್ದ.

"ಎಲ್ಲಾ ಗೊತ್ತಿದ್ದೂ ತಿಂಗ್ಳಿಡೀ ಹಲ್ಲು ಕಿರಿದ್ನಲ್ಲ ನನ್ನ ಜೊತೆ" ಎಂದಳು. "ಹೇಡಿ. ಬೇಡ ಅನ್ನೋಕೂ ತಮ್ಮನ್ನ ಕರ್ಕೊಂಡು ನಿನ್ನ ಅಂಗಡಿಗೆ ಬಂದ್ನಾ? ನಂಗೆ ಒಂದು ಫೋನ್ ಮಾಡೋಕಾಗ್ಲಿಲ್ವಾ ಅವನ ಕೈಲಿ?"

"ಬುಡಕ್ಕ ಅತ್ಲಾಗೆ. ಅಂಥೋನು ತಪ್ಪಿದ್ದೇ ಒಳ್ಳೇದಾಯ್ತು" ಎಂದು ನಾನು ಸಮಾಧಾನ ಹೇಳಿದೆ.

ಆಮೇಲೆ ಆರು ತಿಂಗಳು ಅವಳು ಅವನನ್ನು ದಿನಾ ಬಯ್ದಳು. ಸ್ಕೂಟಿ ಸ್ಟಾರ್ಟ್ ಆಗದಿದ್ದರೆ "ಸ್ಪೇರ್ ಪಾರ್ಟ್ಸಿನವನ ಹಾಗೆ, ಸಮಯಕ್ಕೆ ಕೈ ಕೊಡುತ್ತೆ" ಎನ್ನುತ್ತಿದ್ದಳು. ಮಂಡಕಳ್ಳಿ ಎಂಬ ಹೆಸರಿನ ಬಸ್ಸು ಕಂಡರೆ ಮುಖ ತಿರುಗಿಸುತ್ತಿದ್ದಳು. ನಾನು ಜೊತೆಗೂಡಿ ಬಯ್ಯುತ್ತಿದ್ದೆ. ಅವಳಿಗಿಂತ ಜೋರಾಗಿ ಬಯ್ಯುತ್ತಿದ್ದೆ. ಬೇರೆ ಗಂಡು ನೋಡೋಣ ಎಂದು ಅವ್ವ ಎತ್ತಿದಾಗ ಅಕ್ಕ "ಗಂಡು ಅನ್ನೋ ಮಾತೆತ್ತಿದ್ರೆ ಹಾಸ್ಟೆಲ್ ಹುಡುಕ್ತೀನಿ" ಎಂದು ಬಾಯಿ ಮುಚ್ಚಿಸಿದಳು. ನನಗೆ ಅವಳ ಮೇಲೆ ಮರುಕ ಬರಬೇಕಿತ್ತು. ಬಂದದ್ದು ಸಿಟ್ಟು. ಇವಳು ಹೀಗೆ ಕೂತರೆ ನನ್ನ ಗತಿ ಏನು ಎಂದು.

ಗೊತ್ತಾದದ್ದು ಲ್ಯಾಬಿನಲ್ಲಿ. ಆ ಹುಡುಗನ ತಾಯಿ ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಬಂದಿದ್ದರು. ಕೌಂಟರಿನ ಹಿಂದೆ ಕೂತವಳ ಮುಖವನ್ನೂ ಗೋಡೆಗೆ ಒರಗಿದ್ದ ಕೋಲನ್ನೂ ನೋಡಿ ಗುರುತು ಹಿಡಿದರು. "ಕಾಲು ದೇವ್ರು ಕೊಟ್ಟಿದ್ದು ಕಣಮ್ಮ, ಅದಕ್ಕೆ ನಾವೇನೂ ಅನ್ನಲ್ಲ. ಫೋಟೋ ಕತ್ತರ್ಸು ಅಂತ ತಮ್ಮಂಗೆ ಹೇಳಿಕೊಟ್ಯಲ್ಲ, ಆ ಬುದ್ಧಿ ಯಾರು ಕೊಟ್ರು?" ಎಂದರಂತೆ, ಎಲ್ಲರೆದುರಿಗೆ. ಅಕ್ಕ ಅವರ ರಸೀದಿ ಹರಿದು ಕೊಟ್ಟು, ಲ್ಯಾಬಿಗೆ ಅರ್ಧ ದಿನ ರಜೆ ಹೇಳಿ, ಸೀದಾ ನನ್ನ ಅಂಗಡಿಗೆ ಬಂದಳು.

ಸ್ಕೂಟಿಯ ಶಬ್ದ ಕೇಳಿ ತಲೆಯೆತ್ತಿದೆ. ಆ ಹೊತ್ತಿನಲ್ಲಿ ಅವಳು ಬರುವವಳಲ್ಲ. ಒಳಗೆ ಬಂದು ಬೆಂಚಿನ ಮೇಲಿದ್ದ ಪೇಪರ್ ಬಂಡಲನ್ನು ಕೋಲಿನಿಂದ ನೂಕಿ ಕೆಳಗೆ ಬೀಳಿಸಿ ಕೂತಳು.

"ನನ್ನ ಬಯೋಡೇಟಾ ತೆಗಿ."

"ಯಾಕಕ್ಕಾ?"

"ತೆಗಿಯೋ."

ತೆಗೆದೆ. ಎರಡು ಫೈಲಿದ್ದವು, ಹಳೆಯದು, ಬ್ರೋಕರಮ್ಮನಿಗೆ ಕಳಿಸಿದ್ದು. ಅವಳು ಎರಡನೆಯದನ್ನೇ ತೆಗೆಸಿದಳು. ಸೊಂಟದಿಂದ ಮೇಲೆ ನಗುತ್ತಿದ್ದ ತನ್ನನ್ನೇ ಬಹಳ ಹೊತ್ತು ನೋಡಿದಳು. ಗಿರಾಕಿಯೊಬ್ಬ ಬಂದು "ಒಂದು ಪಾನ್ ಕಾರ್ಡ್ ಜೆರಾಕ್ಸ್" ಎಂದ. "ಕರೆಂಟ್ ಇಲ್ಲ" ಎಂದಳು ಅಕ್ಕ, ತಲೆಯ ಮೇಲೆ ಫ್ಯಾನು ತಿರುಗುತ್ತಿದ್ದಂತೆ. ಅವನು ಫ್ಯಾನನ್ನೊಮ್ಮೆ ಅವಳನ್ನೊಮ್ಮೆ ನೋಡಿ ಹೋದ.

"ಈ ಕೋಲು ಈಗ ಎಲ್ಲಿದೆ?" ಎಂದು ಕೇಳಿದಳು.

"ಒಳಗೇ ಇದೆ."

"ತೆಗಿ. ನನ್ನ ಫೋನ್ ಬದಲಾಯಿಸ್ದಾಗ ಆ ಫೋಟೋ ಹೋಯ್ತು. ನೀನು ಅವರಿಗೆ ಕಳಿಸಿದ ಫೈಲಿಂದ್ಲೇ ತೆಗಿ. ನನ್ನ ಕಣ್ಣೆದುರಿಗೆ."

ಫೈಲಿನದೊಂದು ಕಾಪಿ ಮಾಡಿದೆ. ಹೆಸರು ಬದಲಿಸುವಾಗ ತಪ್ಪು ಅಕ್ಷರ ಬಿತ್ತು. ಅಳಿಸಿ ಮತ್ತೆ ಒತ್ತಿದೆ. ಕೆಟ್ಟೀತು ಎಂದು ಕಂಪ್ಯೂಟರ್ ಎಂದಿನಂತೆ ಹೆದರಿಸಿತು. ಬಿಚ್ಚಿದೆ. ಫೋಲ್ಡರು, ಅದರೊಳಗೆ ಫೋಲ್ಡರು, ಅದರೊಳಗೆ ಒಂದೇ ಒಂದು ಫೋಟೋ. ತೆರೆದಾಗ ಪರದೆಯ ತುಂಬ ಅವಳು ನಿಂತಿದ್ದಳು. ಛತ್ರದ ಬಾಗಿಲು, ಬಾಳೆಕಂಬ, ಹಸಿರು ಸೀರೆ, ಕೋಲು, ಪಾದ.

"ಇಷ್ಟು ಸುಲಭನಾ?" ಎಂದಳು.

"ಹೂಂ."

"ಹಂಗಾದ್ರೆ ಯಾರು ಬೇಕಾದ್ರೂ ತೆಗೀಬೋದು ಅಂತ ಗೊತ್ತಿತ್ತು ನಿಂಗೆ. ಅವರು ತೆಗೆದಾಗ ನಾನು ಕಳ್ಳಿ ಆಗ್ತೀನಿ ಅಂತಾನೂ ಗೊತ್ತಿತ್ತು."

"ಅಷ್ಟು ಯೋಚ್ನೆ ಮಾಡ್ಲಿಲ್ಲ ಅಕ್ಕಾ. ಬ್ರೋಕರಮ್ಮ ಹೇಳಿದ್ಲು. ಹೇಗಾದ್ರೂ ನಿಂದು ಒಂದು ಆಗ್ಲಿ ಅಂತ..."

"ನಂದಾ? ನಿಂದು ಆಗ್ಲಿ ಅಂತ ಹೇಳು. ಕೋಲು ಮುಚ್ಚಿಟ್ಟು ಅಕ್ಕನ್ನ ಸಾಗ ಹಾಕಿದ್ರೆ ನಿನ್ನ ದಾರಿ ಸಲೀಸು. ಅದು ಬಿಡು, ಅದನ್ನ ನಾನು ಮರೀಬೋದಿತ್ತು. ಅವನು ಬಂದು ಇಲ್ಲಿ ನಿಂತು ಕೇಳಿದ್ನಲ್ಲ. ಏನಂದೆ?"

ನಾನು ಪರದೆಯನ್ನೇ ನೋಡುತ್ತಿದ್ದೆ.

"ಬಾಯಿ ಬಿಡು. ನಂಗೂ ಒಂದ್ಸಲ ನಿನ್ನ ಬಾಯಲ್ಲಿ ಕೇಳ್ಬೇಕು."

"ಅವಳೇ ಹೇಳಿದ್ದು ಅಂದೆ."

ಅವಳು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ಆರು ತಿಂಗ್ಳು ಒಳ್ಳೆ ಮನುಷ್ಯನ್ನ ಬೈದೆ ನಾನು" ಎಂದಳು. "ನೀನು ಪಕ್ಕದಲ್ಲಿ ಕೂತು ತಾಳ ಹಾಕ್ದೆ. ನಾಯಿ ಕಣೋ ನೀನು. ನಾಯೀನೂ ಅಲ್ಲ, ಅದು ಅನ್ನ ಹಾಕಿದೋರನ್ನ ಕಚ್ಚಲ್ಲ. ಎಂಟನೇ ಕ್ಲಾಸಲ್ಲಿ ನಿಂಗೆ ಲೆಕ್ಕ ಹೇಳಿಕೊಟ್ಟೋಳು ಯಾರೋ? ಈ ಟೈಪಿಂಗ್ ಕ್ಲಾಸಿಗೆ ಸೇರಿಸ್ದೋಳು ಯಾರೋ?"

ಅವಳೇ. ಅದನ್ನೂ ನಾನು ಯಾರಿಗೂ ಹೇಳಿಕೊಂಡವನಲ್ಲ.

ಅವಳ ನಂಬರನ್ನು ಅವನು ಬ್ಲಾಕ್ ಮಾಡಿದ್ದನಲ್ಲ, ಅವನ ನಂಬರ್ ಕೊಟ್ಟು ನನ್ನ ಫೋನಿನಿಂದ ಆ ಫೋಟೋ ಕಳಿಸಲು ಹೇಳಿದಳು. ಕಳಿಸಿದೆ. ಕೆಳಗೆ ಏನು ಬರೆಯಲಿ ಎಂದು ಕೇಳಿದೆ. "ನಿಜ ಬರಿ. ಒಂದು ಬಯೋಡೇಟಾ ಟೈಪ್ ಮಾಡೋನಿಗೆ ಅದೂ ನಾನೇ ಹೇಳ್ಕೊಡ್ಬೇಕಾ?" ಎಂದಳು. ಕತ್ತರಿಸಿದ್ದು ನಾನು, ಅಕ್ಕನಿಗೆ ಗೊತ್ತಿರಲಿಲ್ಲ, ಅವಳು ಪೂರ್ತಿ ಫೋಟೋ ಹಾಕು ಎಂದಿದ್ದಳು, ನಿಮ್ಮ ಎದುರು ನಾನು ಸುಳ್ಳು ಹೇಳಿದೆ ಎಂದು ಬರೆದೆ. ಅವಳು ಓದಿ ಒಂದಕ್ಷರವನ್ನೂ ತಿದ್ದದೆ ಕಳಿಸು ಎಂದಳು.

ಇಬ್ಬರೂ ಫೋನು ನೋಡುತ್ತಾ ಕೂತೆವು. ನೀಲಿ ಗುರುತು ಬಿತ್ತು. ಟೈಪ್ ಮಾಡುತ್ತಿದ್ದಾನೆ ಎಂದು ಬಂತು, ನಿಂತಿತು, ಮತ್ತೆ ಬಂತು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಆ ಹೊತ್ತಿನಲ್ಲಿ ನಾನು ದೇವರನ್ನು ಬೇಡಿಕೊಂಡೆ ಎಂದರೆ ನೀವು ನಗಬಹುದು. ಅವಳಿಗಾಗಿ ಬೇಡಿಕೊಂಡೆನೋ ನನಗಾಗಿಯೋ, ಈಗಲೂ ಹೇಳಲಾರೆ.

ಉತ್ತರ ಬಂತು. ನಿಮ್ಮ ಅಕ್ಕನ ಮೇಲೆ ತಪ್ಪು ತಿಳಿದುಕೊಂಡೆ, ನಾನು ಕ್ಷಮೆ ಕೇಳಿದೆ ಎಂದು ಹೇಳಿ. ನಮ್ಮವ್ವನಿಗೂ ಹೇಳುತ್ತೇನೆ. ಹೋದ ತಿಂಗಳು ನನಗೆ ಬೇರೆ ಕಡೆ ನಿಶ್ಚಯವಾಗಿದೆ. ನೀವು ಇದನ್ನು ಆವತ್ತೇ ಹೇಳಬೇಕಿತ್ತು.

ಅಕ್ಕ ಎರಡು ಸಲ ಓದಿದಳು. ಫೋನನ್ನು ಕೌಂಟರಿನ ಮೇಲಿಟ್ಟಳು. "ಸರಿ" ಎಂದಳು. ಆಮೇಲೆ, ಯಾರೋ ಗಿರಾಕಿ ಹೇಳುವ ಹಾಗೆ, "ಈ ಫೋಟೋ ನನ್ನ ಫೋನಿಗೆ ಹಾಕಿ" ಎಂದಳು. ಹಾಕಿ ಎಂದಳು, ಬಹುವಚನದಲ್ಲಿ. ನಾನು ಹಾಕಿಕೊಟ್ಟೆ. ಕೋಲೂರಿ ಎದ್ದು, ಬಿದ್ದಿದ್ದ ಪೇಪರ್ ಬಂಡಲನ್ನು ದಾಟಿಕೊಂಡು ಹೋದಳು. ನಾನು ಬಗ್ಗಿ ಅದನ್ನು ಎತ್ತಿಟ್ಟೆ.

ಅಂದಿನಿಂದ ಮನೆಯಲ್ಲಿ ಅವಳು ನನ್ನನ್ನು ನೀವು ಎಂದೇ ಮಾತಾಡಿಸುವುದು. "ಊಟಕ್ಕೆ ಬನ್ನಿ", "ಗ್ಯಾಸ್ ಬುಕ್ ಮಾಡಿ." ಅವ್ವ ಮೊದಮೊದಲು ತಮಾಷೆ ಎಂದುಕೊಂಡು ನಕ್ಕಳು. ವಿಷಯ ತಿಳಿದ ಮೇಲೆ ನನಗೆ ಬಡಿಸುವುದನ್ನು ನಿಲ್ಲಿಸಿದಳು. ಪಾತ್ರೆ ಅಲ್ಲಿದೆ ಎಂದು ಕಣ್ಣಿನಲ್ಲಿ ತೋರಿಸುತ್ತಿದ್ದಳು. ಬ್ರೋಕರಮ್ಮನನ್ನು ನಾನು ಅಂಗಡಿಯ ಮೆಟ್ಟಿಲು ಹತ್ತಬೇಡಿ ಎಂದು ಕೂಗಾಡಿ ಕಳಿಸಿದೆ. ಅವರು ಬೀದಿಯಲ್ಲಿ ನಿಂತು, "ಎಳೆದೋನು ನೀನು, ನನ್ ಮೇಲ್ ಯಾಕಪ್ಪಾ ಹಾರಾಡ್ತೀಯ?" ಎಂದರು.

ಅಕ್ಕನೇ ಒಂದು ದಿನ ನನ್ನ ಹುಡುಗಿಯ ಮನೆಗೆ ಹೋಗಿ, ತನ್ನ ಮದುವೆಗಾಗಿ ಕಾಯಬೇಡಿ, ಇವರದು ಮಾಡಿಬಿಡಿ ಎಂದು ಹೇಳಿ ಬಂದಳು. ನನಗಾಗಿ ಮಾಡಿದ್ದಲ್ಲ ಎಂದು ಅವ್ವನ ಹತ್ತಿರ ಹೇಳಿದಳಂತೆ, ಆ ಹುಡುಗಿ ಯಾಕೆ ಕಾಯಬೇಕು ಎಂದು. ದಿನ ಗೊತ್ತಾಯಿತು. ನನ್ನ ಮದುವೆಯ ಕಾರ್ಡನ್ನು ನಾನೇ ಕೂತು ಮಾಡಿದೆ. ಸುಖಾಗಮನ ಬಯಸುವವರು ಎಂಬುದರ ಕೆಳಗೆ ಅವ್ವನ ಹೆಸರು, ಅದರ ಕೆಳಗೆ ಅಕ್ಕನ ಹೆಸರು ಹಾಕಿ, ಮನೆಗೆ ತಂದು ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು.

"ನನ್ನ ಹೆಸರು ತೆಗೀರಿ."

"ಅಕ್ಕಾ, ಒಡಹುಟ್ಟಿದವಳ ಹೆಸರಿಲ್ದೆ ಕಾರ್ಡು ಹಂಚಿದ್ರೆ ಜನ ಏನಂತಾರೆ?"

"ಕತ್ತರಿಸೋದು ನಿಮಗೆ ಅಭ್ಯಾಸ ಇದೆಯಲ್ಲ, ಕತ್ತರಿಸಿ. ಈ ಸಲ ಸರಿಯಾಗಿ ಕತ್ತರಿಸಿ, ಯಾರೂ ಬಿಚ್ಚಿ ನೋಡೋ ಹಾಗಿರಬಾರ್ದು."

ಎರಡು ದಿನ ಬೇಡಿಕೊಂಡೆ. ಅವಳು ಟಿವಿಯ ಶಬ್ದ ಏರಿಸಿದಳು. ಕೊನೆಗೆ ತೆಗೆದೆ. ಆ ಸಾಲು ಹೋದ ಜಾಗದಲ್ಲಿ ಕೆಳಗಿನ ಸಾಲುಗಳು 'ಬಂಧುಮಿತ್ರರು' ಎಂಬುದರ ಸಮೇತ ತಾವಾಗಿಯೇ ಮೇಲೆ ಸರಿದು ಕೂತವು. ನೋಡಿದವರಿಗೆ ಅಲ್ಲಿ ಏನೋ ಇತ್ತು ಎಂದು ಗೊತ್ತಾಗುತ್ತಲೇ ಇರಲಿಲ್ಲ.

ಕಾರ್ಡು ಕೊಡಲು ಮೊದಲು ಹೋದದ್ದು ಸೋದರಮಾವನ ಮನೆಗೆ. ಅವರು ಅರಿಶಿನ ಹಚ್ಚಿದ ಕಾರ್ಡನ್ನು ಕಣ್ಣಿಗೊತ್ತಿಕೊಂಡು, ಬಿಡಿಸಿ, ಬೆರಳಿಟ್ಟು ಒಂದೊಂದೇ ಹೆಸರು ಓದಿದರು. ಬೆರಳು ಅವ್ವನ ಹೆಸರಿನ ಕೆಳಗೆ ಬಂದು ನಿಂತಿತು.

"ಏನ್ಲಾ ಇದು, ನಿಮ್ಮಕ್ಕನ ಹೆಸ್ರೇ ಇಲ್ವಲ್ಲ? ಯಾರ್ಲಾ ತೆಗ್ಸಿದ್ದು?"

ಅತ್ತೆ ಕಾಫಿ ಲೋಟ ಹಿಡಿದು ಬಾಗಿಲಲ್ಲೇ ನಿಂತರು. ಅವಳೇ ಹೇಳಿದ್ದು, ನಾನು ಬೇಡ ಅಂದೆ. ಆ ಮಾತು ಬಾಯಿಯ ತುದಿಗೆ ಬಂದು ನಿಂತಿತು. ಈ ಸಲ ಅದು ಪೂರ್ತಿ ನಿಜವಾಗಿತ್ತು.

"ನಾನೇ ತೆಗ್ದೆ ಮಾವ" ಎಂದೆ.

"ಥೂ ನಿನ್ನ" ಎಂದು ಮಾವ ಕಾರ್ಡನ್ನು ಚಾಪೆಯ ಮೇಲೆ ಎಸೆದರು. ಅತ್ತೆ ಕಾಫಿಯನ್ನು ಒಳಗೆ ತೆಗೆದುಕೊಂಡು ಹೋದರು. ನಾನು ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಗೆ ಹೋದೆ. ಅಲ್ಲೂ ಅದನ್ನೇ ಕೇಳಿದರು.